ಗ್ರೀನ್‌ಬುಶಸ್: ಬಂಡೆಯೊಳಗಿನ ಲಿಥಿಯಂ

ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಶಸ್‌ನಲ್ಲಿ 1888ರಿಂದ ತವರ ತೆಗೆಯಲಾಗುತ್ತಿತ್ತು. ಲಿಥಿಯಂ ಗಣಿಗಾರಿಕೆ ಶುರುವಾದದ್ದು ಸುಮಾರು ನೂರು ವರ್ಷಗಳ ನಂತರ. ಇಲ್ಲಿನ ಪೆಗ್ಮಟೈಟ್ ಬಂಡೆಯಲ್ಲಿ ಸ್ಪಾಡ್ಯುಮೀನ್ ಎಂಬ ಲಿಥಿಯಂಯುಕ್ತ ಖನಿಜದ ಉದ್ದನೆಯ, ಮಾಸಲು ಬಿಳುಪಿನ ಹರಳುಗಳಿವೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಪತ್ತೆಯಾದ ಲಿಥಿಯಂ ಕೂಡ ಇದೇ ಜಾತಿಯ ಬಂಡೆಯದು.

ಒಡೆದು ಜಲ್ಲಿ ಮಾಡಿದ ಅದಿರನ್ನು ಫೆರೋಸಿಲಿಕಾನ್ ಪುಡಿ ಬೆರೆಸಿದ ಮಂದ ದ್ರವದಲ್ಲಿ ಸುತ್ತಿಸಲಾಗುತ್ತದೆ. ಸ್ಪಾಡ್ಯುಮೀನಿನ ಸಾಪೇಕ್ಷ ಸಾಂದ್ರತೆ ಸುಮಾರು 3.1, ಬೆಣಚುಕಲ್ಲಿನದು 2.65. ಹೀಗಾಗಿ ಅಕ್ಕಿ ಜಾಲಿಸುವಾಗ ಕಲ್ಲು ತಳಕ್ಕಿಳಿಯುವಂತೆ ಸ್ಪಾಡ್ಯುಮೀನ್ ಕೆಳಗಿಳಿಯುತ್ತದೆ, ಹಗುರವಾದ ಕಲ್ಲು ಮೇಲೆ ತೇಲುತ್ತದೆ.

ಬೆಣಚಿನೊಂದಿಗೆ ಬೆಸೆದುಕೊಂಡ ಸಣ್ಣ ಹರಳುಗಳಿಗೆ ಈ ಉಪಾಯ ಸಾಲದು. ಅವನ್ನು ನುಣ್ಣಗೆ ಅರೆದು, ಜಿಗಟು ಕೆಸರನ್ನು ತೊಳೆದು, ನೀರಿಗೆ ಕೊಬ್ಬಿನಾಮ್ಲ ಸೇರಿಸಲಾಗುತ್ತದೆ. ಆಮ್ಲದ ತೆಳು ಲೇಪ ಪಡೆದ ಸ್ಪಾಡ್ಯುಮೀನ್ ಕಣಗಳು ನೀರಿಗೆ ಒಗ್ಗದೆ ಗಾಳಿಗುಳ್ಳೆಗಳಿಗೆ ಅಂಟಿ ಮೇಲೇರುತ್ತವೆ. ಆ ನೊರೆಯನ್ನು ಬಾಚಿ ತೆಗೆಯಲಾಗುತ್ತದೆ. ಇಡೀ ಕ್ರಿಯೆಯ ಅತಿ ಸೂಕ್ಷ್ಮ ಘಟ್ಟವಿದು: ಕೆಸರು ಉಳಿದರೆ ಆಮ್ಲವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಕಬ್ಬಿಣಯುಕ್ತ ಖನಿಜಗಳನ್ನು ಕಾಂತಗಳು ಸೆಳೆಯುತ್ತವೆ.

ಸೋಸಿ ಒಣಗಿಸಿದ ಸಾಂದ್ರಿತ ಅದಿರಿನಲ್ಲಿ ಸುಮಾರು ಶೇ. 6ರಷ್ಟು ಲಿಥಿಯಂ ಆಕ್ಸೈಡ್ ಇರುತ್ತದೆ. ಅಪ್ಪಟ ಸ್ಪಾಡ್ಯುಮೀನಿನಲ್ಲೂ ಇರುವುದು ಶೇ. 8 ಮಾತ್ರ, ಆದ್ದರಿಂದ ಇದು ಸಣ್ಣ ಸಾಧನೆಯಲ್ಲ. ಆದರೂ ಬ್ಯಾಟರಿಗೆ ಇದನ್ನು ನೇರವಾಗಿ ಬಳಸಲಾಗದು. ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಹರಳಿನ ರಚನೆ ಸಡಿಲಗೊಳ್ಳುತ್ತದೆ. ಆಮೇಲೆ ಗಂಧಕಾಮ್ಲದೊಂದಿಗೆ ಹುರಿದರೆ ಲಿಥಿಯಂ ನೀರಿನಲ್ಲಿ ಕರಗುವ ಸಲ್ಫೇಟ್ ಆಗುತ್ತದೆ. ಬ್ಯಾಟರಿ ತಯಾರಕರು ಕೊಳ್ಳುವ ಲಿಥಿಯಂ ಹೈಡ್ರಾಕ್ಸೈಡ್ ಅಥವಾ ಕಾರ್ಬೊನೇಟ್ ಸಿದ್ಧವಾಗುವುದು ಆ ಸಲ್ಫೇಟಿನ ದ್ರಾವಣದಿಂದ.