ಆ ಒಂದು ಗಂಟೆ ಮತ್ತೆ ಸಿಕ್ಕಿದ್ದರೆ

ನಮ್ಮ ಅಜ್ಜಿ ತೀರಿಕೊಂಡ ದಿನ ಮಧ್ಯಾಹ್ನ ನನ್ನ ಮೊಬೈಲಿಗೆ ಊರಿಂದ ಮೂರು ಸಲ ಫೋನ್ ಬಂದಿತ್ತು. ನಾನು ಕಾಲೇಜಿನ ಪರೀಕ್ಷಾ ಕೊಠಡಿಯಲ್ಲೂ ಇರಲಿಲ್ಲ, ಬಸ್ಸಿನಲ್ಲೂ ಇರಲಿಲ್ಲ. ಹಾಸ್ಟೆಲಿನಲ್ಲಿ ಫೋನ್ ಸೈಲೆಂಟ್‌ಗೆ ಹಾಕಿ ಮಲಗಿದ್ದೆ. ಎದ್ದು ನೋಡುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು, ಅಜ್ಜಿ ಇರಲಿಲ್ಲ.

ಆಮೇಲೆ ಎಷ್ಟೋ ತಿಂಗಳು ನನ್ನ ತಲೆಯಲ್ಲಿ ಅದೇ ಒಂದು ಗಂಟೆ ತಿರುಗುತ್ತಿತ್ತು. ಫೋನ್ ಎತ್ತಿದ್ದರೆ? ಅವತ್ತು ಮಲಗದೇ ಇದ್ದಿದ್ದರೆ? ಗಾಣದ ಎತ್ತು ಸುತ್ತಿದ ಹಾಗೆ, ಎಷ್ಟು ನಡೆದರೂ ಅದೇ ಜಾಗ.

ಅಂಥ ಒಂದು ರಾತ್ರಿ ಮೊಬೈಲಿನಲ್ಲಿ ಅಮೆರಿಕದ ಒಂದು ಸೂಪರ್‌ಹೀರೋ ಸೀರಿಯಲ್ಲಿನ ಎಪಿಸೋಡ್ ನೋಡಿದೆ. ಅದರಲ್ಲಿ ಒಬ್ಬ ಹುಡುಗಿಗೆ ಒಂದೇ ಒಂದು ಗಂಟೆ ಮತ್ತೆ ಮತ್ತೆ ಸಿಗುತ್ತದೆ. ನೋಡಿ ಮುಗಿಸಿದ ಮೇಲೆ ಇಂಥ ಕಥೆಗಳು ಎಲ್ಲಿಂದ ಬಂದವು ಎಂದು ಹುಡುಕತೊಡಗಿದೆ. ಆ ಹುಡುಕಾಟದ ಲೆಕ್ಕ ಇಲ್ಲಿದೆ. ಕಥೆಗಳನ್ನು ಕೊನೆಯವರೆಗೂ ಹೇಳುತ್ತೇನೆ, ಮೊದಲು ನೋಡಿಯೇ ಓದುತ್ತೇವೆ ಅನ್ನುವವರು ಇಲ್ಲೇ ನಿಲ್ಲಬಹುದು.

ಝರಿಯ ಒಂದು ಗಂಟೆ

ಸೀರಿಯಲ್ಲಿನ ಹೆಸರು 'ಲೆಜೆಂಡ್ಸ್ ಆಫ್ ಟುಮಾರೋ'. 2016ರಿಂದ 2022ರವರೆಗೆ ಏಳು ಸೀಸನ್ ನಡೆಯಿತು. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ಗಳ ಡಿಸಿ ಕಾಮಿಕ್ಸ್ ಲೋಕದ್ದೇ ಕಥೆ, ಆದರೆ ಇದರಲ್ಲಿ ಇರುವವರು ಅಷ್ಟು ದೊಡ್ಡ ಹೆಸರಿನವರಲ್ಲ. ಬೇರೆ ಕಡೆ ಸೋತವರು, ತಪ್ಪು ಮಾಡಿದವರು, ಒಬ್ಬ ಮಾಜಿ ಕಳ್ಳ, ಒಬ್ಬ ಇತಿಹಾಸಕಾರ. ವೇವ್‌ರೈಡರ್ ಎಂಬ ಹಡಗಿನಲ್ಲಿ ಕಾಲದಿಂದ ಕಾಲಕ್ಕೆ ಹಾರಿ, ಕೆಟ್ಟುಹೋದ ಇತಿಹಾಸವನ್ನು ಸರಿ ಮಾಡುವುದು ಇವರ ಕೆಲಸ.

ಮೂರನೇ ಸೀಸನ್ನಿನಲ್ಲಿ ಝರಿ ಎಂಬ ಮುಸ್ಲಿಂ ಹುಡುಗಿ ತಂಡ ಸೇರುತ್ತಾಳೆ. ಆಕೆ ಬಂದಿರುವುದು 2042ನೇ ಇಸವಿಯಿಂದ. ಅಲ್ಲಿ ದಬ್ಬಾಳಿಕೆಯ ಆಡಳಿತ, ಧರ್ಮ ಪಾಲಿಸುವುದೂ ಅಪರಾಧ. ಆಕೆಯ ತಮ್ಮ ಬೆಹ್ರಾದ್ ಆ ಆಡಳಿತಕ್ಕೆ ಬಲಿಯಾಗಿದ್ದಾನೆ. ಝರಿಯ ಪಾತ್ರ ಮಾಡಿದವರು ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ನಟಿ ತಾಲಾ ಆಶೆ.

ತಂಡದ ನಿಯಮ ಸ್ಪಷ್ಟ: ಇತಿಹಾಸವನ್ನು ಕಾಯಬೇಕು, ನಮಗೆ ಬೇಕಾದ ಹಾಗೆ ತಿದ್ದಬಾರದು. ಝರಿಗೆ ಬೇಕಾಗಿರುವುದು ತಿದ್ದುವುದೇ. ನಿಯಮ ಮುರಿಯದೆ ತಮ್ಮನನ್ನು ಉಳಿಸಿಕೊಳ್ಳುವ ಒಂದು ಸಂದು ಎಲ್ಲಾದರೂ ಇದೆಯೇ ಎಂದು ಹಡಗಿನ ಕಂಪ್ಯೂಟರಿನಲ್ಲಿ ಹುಡುಕುತ್ತಿರುತ್ತಾಳೆ. ಇದು ಕ್ಯಾಪ್ಟನ್ ಸಾರಾಗೆ ಗೊತ್ತಾಗಿ ಜಗಳವಾಗುತ್ತದೆ.

2018ರ ಫೆಬ್ರವರಿ 19ರಂದು ಪ್ರಸಾರವಾದ ಎಪಿಸೋಡಿನಲ್ಲಿ ಹೀಗೆ ಜಗಳವಾದ ಸ್ವಲ್ಪ ಹೊತ್ತಿಗೆ ಹಡಗು ಸ್ಫೋಟವಾಗುತ್ತದೆ. ಎಲ್ಲರೂ ಸಾಯುತ್ತಾರೆ. ಮರುಕ್ಷಣ ಝರಿ ಒಂದು ಗಂಟೆ ಹಿಂದಕ್ಕೆ ಬಂದು ನಿಂತಿರುತ್ತಾಳೆ. ಅದೇ ಜಗಳ, ಅದೇ ಮಾತು, ಅದೇ ಸ್ಫೋಟ. ಆಗಿದ್ದು ಬೇರೆ ಯಾರಿಗೂ ನೆನಪಿಲ್ಲ.

ಬಾಂಬ್ ಇಟ್ಟವರು ಯಾರೆಂದು ಹುಡುಕಲು ಆಕೆ ಒಂದೊಂದು ಸುತ್ತಿನಲ್ಲೂ ಒಬ್ಬೊಬ್ಬರ ಬೆನ್ನು ಹತ್ತುತ್ತಾಳೆ. ಕಳ್ಳ ಸಿಗುವುದಿಲ್ಲ, ಮನುಷ್ಯರು ಸಿಗುತ್ತಾರೆ. ಯಾವಾಗಲೂ ಗುರ್ ಎನ್ನುವ ಮಾಜಿ ಕಳ್ಳ ಮಿಕ್, ಯಾರಿಗೂ ಹೇಳದೆ ಕಾದಂಬರಿ ಬರೆಯುತ್ತಿರುತ್ತಾನೆ. ಗಟ್ಟಿಗಿತ್ತಿ ಎಂದುಕೊಂಡ ಸಾರಾ ಪ್ರೀತಿಯ ವಿಷಯದಲ್ಲಿ ಹಿಂಜರಿಯುತ್ತಿರುತ್ತಾಳೆ. ಇದೆಲ್ಲ ಅದೇ ಹಡಗಿನಲ್ಲಿ, ಅದೇ ಒಂದು ಗಂಟೆಯಲ್ಲಿ ಮೊದಲಿಂದಲೂ ನಡೆಯುತ್ತಿದ್ದದ್ದೇ. ಝರಿ ನೋಡಿರಲಿಲ್ಲ ಅಷ್ಟೆ.

ಕೊನೆಗೆ ಬಾಂಬ್ ಸಿಗುತ್ತದೆ. ಉಳಿದವರನ್ನು ಉಳಿಸಲು ತಾನೊಬ್ಬಳೇ ಸಾಯಲು ಝರಿ ಸಿದ್ಧಳಾಗುತ್ತಾಳೆ. ಆಗ ಗುಟ್ಟು ಬಯಲಾಗುತ್ತದೆ. ಇದು ಯಾವುದೂ ನಿಜವಾಗಿ ನಡೆದಿಲ್ಲ. ಝರಿ ಗಾಯಗೊಂಡು ಪ್ರಜ್ಞೆ ತಪ್ಪಿದ್ದಾಳೆ. ಹಡಗಿನ ಕಂಪ್ಯೂಟರ್ ಗಿಡಿಯನ್ ಆಕೆಯ ಮನಸ್ಸನ್ನು ತನ್ನೊಳಗೆ ಇಟ್ಟುಕೊಂಡು ಈ ಗಂಟೆಯನ್ನು ಕಟ್ಟಿ ತೋರಿಸಿದೆ. ತಂಡ ಬಿಟ್ಟು ಹೋಗಲಿದ್ದವಳಿಗೆ ತಂಡದಲ್ಲಿ ಯಾರಿದ್ದಾರೆ ಎಂಬುದು ಗೊತ್ತಾಗಲಿ ಎಂದು.

1973: ಗೋಡೆಯಿಲ್ಲದ ಜೈಲು

ಒಂದೇ ಸಮಯ ಮರಳಿ ಮರಳಿ ಬರುವ ಕಥೆಗೆ ಇಂಗ್ಲಿಷಿನವರು ಟೈಮ್ ಲೂಪ್ ಎನ್ನುತ್ತಾರೆ. ನಾವು ಕಾಲದ ಸುತ್ತು ಎನ್ನೋಣ. ಝರಿಯ ಒಂದು ಗಂಟೆಗೆ ಒಬ್ಬ ಹಿರಿಯ ಇದ್ದಾನೆ. 1973ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ರಿಚರ್ಡ್ ಲೂಪಾಫ್ ಎಂಬ ಲೇಖಕ ಒಂದು ಸಣ್ಣಕಥೆ ಬರೆದರು. ಹೆಸರು '12:01 ಪಿಎಂ'. ಅದರ ನಾಯಕ ಮೈರಾನ್ ಕ್ಯಾಸಲ್‌ಮನ್ ಸಾಧಾರಣ ನೌಕರ. ಮಧ್ಯಾಹ್ನ 12 ಗಂಟೆ 1 ನಿಮಿಷದಿಂದ 1 ಗಂಟೆಯವರೆಗಿನ ಸಮಯ ಅವನಿಗೆ ಮತ್ತೆ ಮತ್ತೆ ಬರುತ್ತದೆ. ಅವನೊಬ್ಬನಿಗೇ ಅದು ನೆನಪು. ಆ ಸುತ್ತಿನಿಂದ ಸಾವು ಕೂಡ ಅವನನ್ನು ಬಿಡಿಸುವುದಿಲ್ಲ.

ಇದು ಶಿಕ್ಷೆಯ ಕಥೆ. ಕ್ಯಾಸಲ್‌ಮನ್ ಯಾವ ತಪ್ಪೂ ಮಾಡಿಲ್ಲ, ಏನು ಕಲಿತರೂ ಬಿಡುಗಡೆ ಇಲ್ಲ. ಅಜ್ಜಿ ಹೋದ ಮೇಲಿನ ನನ್ನ ತಿಂಗಳುಗಳು ಹೀಗೇ ಇದ್ದವು.

1992, 1993: ಸುತ್ತು ಪಾಠವಾದದ್ದು

ಇಪ್ಪತ್ತು ವರ್ಷದ ನಂತರ ಕಥೆ ತಿರುವು ಪಡೆಯಿತು. 1992ರ ಮಾರ್ಚಿನಲ್ಲಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಸೀರಿಯಲ್ಲಿನ ಒಂದು ಎಪಿಸೋಡ್, ನಾಯಕರ ಹಡಗು ಸ್ಫೋಟವಾಗುವುದರಿಂದಲೇ ಶುರುವಾಯಿತು. ಶೀರ್ಷಿಕೆ ಬರುವ ಮೊದಲೇ ಎಲ್ಲರೂ ಸತ್ತರು! ಮತ್ತೆ ಅದೇ ದಿನ, ಮತ್ತೆ ಅದೇ ಇಸ್ಪೀಟಾಟ, ಮತ್ತೆ ಸ್ಫೋಟ. ನಿರ್ದೇಶಕ ಜೊನಾಥನ್ ಫ್ರೇಕ್ಸ್ ಅದೇ ದೃಶ್ಯಗಳನ್ನು ಪ್ರತಿ ಸಲ ಬೇರೆ ಬೇರೆ ಕೋನದಿಂದ ತೆಗೆದರು. ಹಡಗಿನವರು ಹೊರಬರುವುದು ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಒಂದೇ ಒಂದು ಅಂಕೆ ದಾಟಿಸಿ: ಮೂರು. ಅಷ್ಟು ಸಣ್ಣ ಸುಳಿವೇ ಸಾಕಾಗುತ್ತದೆ.

ಮರುವರ್ಷ, 1993ರ ಫೆಬ್ರವರಿಯಲ್ಲಿ 'ಗ್ರೌಂಡ್‌ಹಾಗ್ ಡೇ' ಸಿನಿಮಾ ಬಂತು. ನಿರ್ದೇಶಕ ಹೆರಾಲ್ಡ್ ರೇಮಿಸ್, ನಾಯಕ ಬಿಲ್ ಮರ್ರಿ. ಝರಿಯ ಪಾಡು ಕೇಳಿದ ಗೆಳೆಯ ನೇಟ್ ಎಪಿಸೋಡಿನಲ್ಲಿ ಈ ಸಿನಿಮಾದ ಹೆಸರನ್ನೇ ಹೇಳುತ್ತಾನೆ.

ಗ್ರೌಂಡ್‌ಹಾಗ್ ಎಂದರೆ ಅಳಿಲಿನ ಕುಟುಂಬಕ್ಕೆ ಸೇರಿದ, ಬಿಲ ತೋಡಿ ವಾಸಿಸುವ ಡುಮ್ಮ ಪ್ರಾಣಿ. ಪೆನ್ಸಿಲ್ವೇನಿಯಾ ರಾಜ್ಯದ ಪಂಕ್ಸ್‌ಟಾನಿ ಎಂಬ ಸಣ್ಣ ಊರಿನಲ್ಲಿ 1887ರಿಂದ ಪ್ರತಿ ಫೆಬ್ರವರಿ 2ರಂದು ಜನ ಸೇರಿ ಈ ಪ್ರಾಣಿಯನ್ನು ಹೊರಗೆ ತರುತ್ತಾರೆ. ಅದು ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ ಇರುತ್ತದೆ ಎಂದು ನಂಬಿಕೆ. ನಮ್ಮ ಹಿರಿಯರು ಮಳೆ ನಕ್ಷತ್ರ ಎಣಿಸಿ ಬೆಳೆಯ ಲೆಕ್ಕ ಹಾಕುವ ಹಾಗೆ ಅದು ಅವರ ಲೆಕ್ಕ. ಜರ್ಮನಿ ಕಡೆಯಿಂದ ವಲಸೆ ಬಂದವರು ತಂದ ಪದ್ಧತಿ.

ಸಿನಿಮಾದಲ್ಲಿ ಈ ಆಚರಣೆಯ ವರದಿಗೆ ಬಂದ ಟಿವಿಯ ಹವಾಮಾನ ವರದಿಗಾರ ಫಿಲ್, ಹಳ್ಳಿಯವರೆಂದರೆ ಮೂಗು ಮುರಿಯುವವನು. ಅವನು ಅದೇ ಫೆಬ್ರವರಿ 2ರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಮೊದಲು ಮಜಾ ಮಾಡುತ್ತಾನೆ, ಆಮೇಲೆ ಮೋಸ ಮಾಡುತ್ತಾನೆ, ಆಮೇಲೆ ಸಾಯಲು ನೋಡುತ್ತಾನೆ. ಕೊನೆಗೆ ಪಿಯಾನೋ ಕಲಿಯುತ್ತಾನೆ, ಮರದಿಂದ ಬೀಳುವ ಹುಡುಗನನ್ನು ಹಿಡಿಯುತ್ತಾನೆ, ಊರಿನವರ ಹೆಸರು ಕಲಿಯುತ್ತಾನೆ. ಒಳ್ಳೆಯವನಾದ ಮೇಲೆ ಬೆಳಗಾಗುತ್ತದೆ, ಫೆಬ್ರವರಿ 3 ಬರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ ದೃಶ್ಯ. ಆ ಊರಿನಲ್ಲಿ ಒಬ್ಬ ಭಿಕ್ಷುಕ ಮುದುಕ ಇದ್ದಾನೆ. ಆ ದಿನ ರಾತ್ರಿ ಅವನು ಸಾಯುತ್ತಾನೆ. ಫಿಲ್ ಮುಂದಿನ ಸುತ್ತುಗಳಲ್ಲಿ ಅವನಿಗೆ ಊಟ ಹಾಕುತ್ತಾನೆ, ಆಸ್ಪತ್ರೆಗೆ ಒಯ್ಯುತ್ತಾನೆ, ಉಸಿರು ತುಂಬಲು ನೋಡುತ್ತಾನೆ. ಮುದುಕ ಪ್ರತಿ ಸಲವೂ ಸಾಯುತ್ತಾನೆ. ಎಲ್ಲವನ್ನೂ ತಿದ್ದಿದ ಆ ಸಿನಿಮಾ ಇದೊಂದನ್ನು ತಿದ್ದಲಿಲ್ಲ. 2006ರಲ್ಲಿ ಅಮೆರಿಕ ಸರ್ಕಾರ ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಇದನ್ನೂ ಸೇರಿಸಿತು.

2000: ಹೆಂಡತಿಯನ್ನು ನೋಡಬೇಕೆಂದವನು

ಅಲ್ಲಿಂದ ಮುಂದೆ ಟಿವಿಯವರು ಇಂಥ ಎಪಿಸೋಡುಗಳನ್ನು ಮತ್ತೆ ಮತ್ತೆ ಮಾಡಿದರು. ಇರುವ ಸೆಟ್, ಇರುವ ನಟರು ಸಾಕು, ಹೊಸ ಜಾಗ ಬೇಕಿಲ್ಲ ಎಂಬ ಅನುಕೂಲವೂ ಇತ್ತು. 2000ದ ಆಗಸ್ಟಿನಲ್ಲಿ 'ಸ್ಟಾರ್‌ಗೇಟ್ ಎಸ್‌ಜಿ-1' ಸೀರಿಯಲ್ ಮಾಡಿದ ಎಪಿಸೋಡ್ ಬಹುಪಾಲು ನಗೆಯದ್ದು. ಅದರ ಕೊನೆ ನಗೆಯದ್ದಲ್ಲ.

ಅಲ್ಲಿ ಸುತ್ತು ತಾನಾಗಿ ಬಂದದ್ದಲ್ಲ. ಮಲಿಕಾಯ್ ಎಂಬ ವಿದ್ವಾಂಸ ಹಳೆಯ ಯಂತ್ರವೊಂದನ್ನು ಬಳಸಿ ಅದನ್ನು ಶುರು ಮಾಡಿದ್ದಾನೆ. ಯಾಕೆ? ತೀರಿಹೋದ ಹೆಂಡತಿಯ ಕಾಲಕ್ಕೆ ಮರಳಿ ಹೋಗಿ ಅವಳೊಂದಿಗೆ ಇರಬೇಕು. ಅವನನ್ನು ತಡೆಯಲು ನಿಂತ ಕರ್ನಲ್ ಓನೀಲ್ ಮಗನನ್ನು ಕಳೆದುಕೊಂಡ ಅಪ್ಪ. ತನ್ನದೇ ಬಂದೂಕಿನಿಂದ ಆದ ಆಕಸ್ಮಿಕದಲ್ಲಿ ಹುಡುಗ ಸತ್ತಿದ್ದ. ಆ ಸಾವನ್ನು ಮತ್ತೊಮ್ಮೆ ಬದುಕಿ ನೋಡಲು ತನ್ನಿಂದ ಆಗದು ಎಂದು ಅವನು ಹೇಳಿದ ಮೇಲೆ ಮಲಿಕಾಯ್ ಯಂತ್ರ ನಿಲ್ಲಿಸುತ್ತಾನೆ.

ಮಲಿಕಾಯ್‌ಗೆ ಹೆಂಡತಿ, ಝರಿಗೆ ತಮ್ಮ. ಇಬ್ಬರಿಗೂ ಬೇಕಾದದ್ದು ಕಳೆದುಹೋದ ಹೊತ್ತು. ಅದನ್ನು ಕೇಳುವಾಗ ನಾವು ನಿಜವಾಗಿ ಕೇಳುವುದು ಹೋದ ಮನುಷ್ಯರನ್ನು.

ನಮ್ಮ ಪಕ್ಕದಲ್ಲೂ ಈ ಬಗೆಯ ಕಥೆ ಬಂದಿದೆ. 2021ರ ತಮಿಳು ಸಿನಿಮಾ 'ಮಾನಾಡು' ನಿಮ್ಮಲ್ಲಿ ಹಲವರು ನೋಡಿರಬಹುದು. ಸಿಂಬು ಮಾಡಿದ ಪಾತ್ರ ಒಂದೇ ದಿನದಲ್ಲಿ ಸುತ್ತುತ್ತಾ ಮುಖ್ಯಮಂತ್ರಿಯ ಕೊಲೆ ತಪ್ಪಿಸಲು ನೋಡುತ್ತದೆ. ಅಲ್ಲಿ ಪ್ರಶ್ನೆ ಒಬ್ಬನ ದುಃಖದ್ದಲ್ಲ, ಒಂದು ಕೊಲೆಯಿಂದ ಊರು ಹೊತ್ತಿ ಉರಿಯುವುದನ್ನು ತಡೆಯುವುದು.

ತಮ್ಮ ಬದುಕಿದ, ಆದರೆ...

ಮತ್ತೆ ಝರಿಯ ಹತ್ತಿರ ಬರೋಣ. ಆಕೆಯ ಕಥೆ ಆ ಎಪಿಸೋಡಿಗೆ ಮುಗಿಯಲಿಲ್ಲ. 2019ರ ಮೇ ತಿಂಗಳಲ್ಲಿ ನಾಲ್ಕನೇ ಸೀಸನ್ ಕೊನೆಯಾಗುವಾಗ ಇತಿಹಾಸ ನಿಜವಾಗಿಯೂ ಬದಲಾಯಿತು. 2042ರ ಆ ಕೆಟ್ಟ ಕಾಲ ಬರಲೇ ಇಲ್ಲ. ತಮ್ಮ ಬೆಹ್ರಾದ್ ಬದುಕಿದ.

ಆದರೆ ಕೆಟ್ಟ ಕಾಲವೇ ಬರದಿದ್ದ ಮೇಲೆ ಝರಿ ಓಡಿಬಂದು ಆ ಹಡಗು ಸೇರಬೇಕಾದ ಕಾರಣವೂ ಇರಲಿಲ್ಲ. ಹಡಗಿನಲ್ಲಿ ಆಕೆಯ ಜಾಗದಲ್ಲಿ ಬೆಹ್ರಾದ್ ನಿಂತಿದ್ದ, ಮೊದಲಿನಿಂದಲೂ ಅಲ್ಲೇ ಇದ್ದವನ ಹಾಗೆ. ತಂಡದವರಿಗೆ ಝರಿ ಎಂಬವಳೊಬ್ಬಳು ತಮ್ಮ ಜೊತೆ ಇದ್ದದ್ದೇ ನೆನಪಿಲ್ಲ. ಒಂದು ಗಂಟೆಯನ್ನು ಸುತ್ತಿ ಸುತ್ತಿ ಅವರೆಲ್ಲರ ಮನಸ್ಸು ತಿಳಿದುಕೊಂಡವಳು, ಅವರ ಮನಸ್ಸಿನಿಂದಲೇ ಅಳಿಸಿಹೋದಳು.

ಇದನ್ನು ನೋಡಿದಾಗ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಕಥೆ ಬರೆದವರು ಸುಳ್ಳು ಹೇಳಿಲ್ಲ ಅನ್ನಿಸಿತು. ನಡೆದದ್ದರಲ್ಲಿ ಬರೀ ನೋವಿನ ಎಳೆಯನ್ನು ಕಿತ್ತು ತೆಗೆಯಲು ಆಗುವುದಿಲ್ಲ. ಅದಕ್ಕೆ ಹೆಣೆದುಕೊಂಡ ಸ್ನೇಹ, ಪರಿಚಯ, ನಾವು ಆಗಿರುವ ಮನುಷ್ಯ, ಎಲ್ಲವೂ ಜೊತೆಗೇ ಬಿಚ್ಚಿಹೋಗುತ್ತದೆ.

1973ರ ಕಥೆಯಲ್ಲಿ ಸುತ್ತು ಬರೀ ಜೈಲಾಗಿತ್ತು. 1993ರಲ್ಲಿ ಅದು ಒಬ್ಬನನ್ನು ತಿದ್ದುವ ಶಾಲೆಯಾಯಿತು. 2018ರಲ್ಲಿ ಝರಿಗೆ ಸಿಕ್ಕ ಗಂಟೆ ಪಕ್ಕದಲ್ಲಿದ್ದವರ ಕಡೆ ಕಣ್ಣು ತಿರುಗಿಸಿತು. ಈ 45 ವರ್ಷದಲ್ಲಿ ನನಗೆ ಕಂಡ ಬದಲಾವಣೆ ಇಷ್ಟು. ಸಾವನ್ನು ಬೆಲೆಯಿಲ್ಲದೆ ವಾಪಸ್ ಮಾಡಿದ ಕಥೆ ಇವುಗಳಲ್ಲಿ ಒಂದೂ ಇಲ್ಲ.

ಆ ಗಂಟೆಯಲ್ಲಿ ಯಾರಿದ್ದರು

ಪತ್ರಿಕೋದ್ಯಮ ಓದುವಾಗ ನಮಗೆ ಮೊದಲು ಹೇಳಿಕೊಟ್ಟದ್ದು, ನೀನು ಇಲ್ಲದ ಕಡೆ ಏನಾಯಿತು ಎಂದು ತಿಳಿಯಬೇಕಾದರೆ ಅಲ್ಲಿದ್ದವರನ್ನು ಕೇಳು ಎಂದು. ಊರೂರಿನ ಸುದ್ದಿಗೆ ಹತ್ತು ಜನರನ್ನು ಕೇಳಿದ ನಾನು, ಅಜ್ಜಿಯ ಆ ಒಂದು ಗಂಟೆಯ ಬಗ್ಗೆ ಒಬ್ಬರನ್ನೂ ಕೇಳಿರಲಿಲ್ಲ. ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ.

ಎಪಿಸೋಡ್ ನೋಡಿದ ಮುಂದಿನ ಸಲ ಊರಿಗೆ ಹೋದಾಗ ಪಕ್ಕದ ಮನೆಯ ಚಿಕ್ಕಮ್ಮನ ಜಗಲಿಯಲ್ಲಿ ಕೂತೆ. ಅವತ್ತು ಅಜ್ಜಿಯ ಹತ್ತಿರ ಇದ್ದದ್ದು ಅವರೇ. "ಚಿಕ್ಕಮ್ಮ, ಅವತ್ತು ಏನಾಯ್ತು? ಮೊದಲಿಂದ ಹೇಳಿ" ಅಂದೆ.

ಅವರು ಅಕ್ಕಿ ಆರಿಸುತ್ತಾ ಹೇಳಿದರು. ಮಧ್ಯಾಹ್ನ ಅಜ್ಜಿ ಎರಡು ತುತ್ತು ಮಜ್ಜಿಗೆ ಅನ್ನ ಉಂಡರಂತೆ. ಎಮ್ಮೆಗೆ ನೀರು ಇಟ್ಟಿದೆಯಾ ಎಂದು ಕೇಳಿದರಂತೆ. ಎದೆ ಭಾರ ಅಂದಾಗ ಚಿಕ್ಕಮ್ಮ ತೊಡೆಯ ಮೇಲೆ ತಲೆ ಇಟ್ಟುಕೊಂಡು ಗಾಳಿ ಹಾಕಿದರಂತೆ. ಅವರ ಮಗ ಆಟೋ ತರಲು ಓಡಿದ್ದನಂತೆ.

"ನನಗೆ ಮೂರು ಸಲ ಫೋನ್ ಬಂದಿತ್ತಲ್ಲ" ಅಂದೆ.

"ಅಯ್ಯೋ, ಅದಾ? ಅದು ಊಟಕ್ಕೂ ಮೊದಲು ಕಣಪ್ಪ, ಆಗ ಚೆನ್ನಾಗೇ ಇದ್ರು. ಪಿಂಚಣಿ ಪಾಸ್‌ಬುಕ್ ನೀನೆಲ್ಲಿಟ್ಟಿದ್ದೀಯ ಅಂತ ಕೇಳ್ಬೇಕಿತ್ತು. ನೀನು ಎತ್ತಲಿಲ್ಲ ಅಂತ ಬೈದ್ರು. ಆಮೇಲೆ ಅಕ್ಕಿ ಡಬ್ಬದ ಕೆಳಗೇ ಸಿಕ್ತು."

ಎಷ್ಟೋ ತಿಂಗಳು ನಾನು ಸುತ್ತಿದ್ದ ಗಾಣದ ನಡುವೆ ಇದ್ದದ್ದು ಒಂದು ಪಾಸ್‌ಬುಕ್. ನಗು ಬಂತು, ಅದರ ಹಿಂದೆಯೇ ಅಳು ಬಂತು. ಚಿಕ್ಕಮ್ಮ ಅಕ್ಕಿ ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ ಕಾಫಿ ತಂದರು.

ಅವತ್ತು ಓಡಿದ ಅವರ ಮಗನಿಗೆ ನಾನು ಆವರೆಗೂ ಒಂದು ಮಾತೂ ಹೇಳಿರಲಿಲ್ಲ. ಸಂಜೆ ಅವನು ಹೊಲದಿಂದ ಬರುವವರೆಗೂ ಅಲ್ಲೇ ಕೂತಿದ್ದೆ.