ಕಾರ್ಲ್ ಜಿ. ಮೇಸರ್: ಸ್ಯಾಕ್ಸನಿಯ ಶಿಕ್ಷಣ ಪರಂಪರೆ ಮತ್ತು ಮಾರ್ಮನ್ ಶ್ರದ್ಧೆ

ಅಮೆರಿಕದ ಯೂಟಾ ಪ್ರದೇಶದ ಶಿಕ್ಷಣ ಚರಿತ್ರೆಯಲ್ಲಿ ಕಾರ್ಲ್ ಜಿ. ಮೇಸರ್ (1828–1901) ಅವರನ್ನು ಭಕ್ತ ಗುರುವೆಂದು ಸ್ಮರಿಸುವುದು ವಾಡಿಕೆ. ಈ ಚಿತ್ರ ನಿಜ, ಆದರೆ ಅಪೂರ್ಣ. ಸ್ಯಾಕ್ಸನಿಯ ಶಿಕ್ಷಕ ತರಬೇತಿಯ ಪರಂಪರೆಯನ್ನು ಮಾರ್ಮನ್ ಧರ್ಮಸಭೆಯ ಜನರ ಹೊಸ ನೆಲೆಗಳಿಗೆ ತಂದು ಶ್ರದ್ಧೆಯೊಡನೆ ಬೆಸೆದದ್ದೇ ಅವರ ಮುಖ್ಯ ಸಾಧನೆ ಎಂಬುದು ಈ ಲೇಖನದ ಪ್ರತಿಪಾದನೆ.

ಮೇಸರ್ ಹುಟ್ಟಿದ್ದು ಜರ್ಮನಿಯ ಸ್ಯಾಕ್ಸನಿ ಪ್ರದೇಶದ ಮೈಸೆನ್‌ನಲ್ಲಿ. ಡ್ರೆಸ್ಡೆನ್‌ನ ಶಿಕ್ಷಕರ ವಿದ್ಯಾಲಯದಲ್ಲಿ ತರಬೇತಿ ಪಡೆದು ಅಧ್ಯಾಪಕರಾದರು. ಮಾರ್ಮನರನ್ನು ಟೀಕಿಸಿ ಬರೆದ ಪುಸ್ತಕವೊಂದನ್ನು ಓದಿದಾಗ ಅವರಲ್ಲಿ ಹುಟ್ಟಿದ್ದು ತಿರಸ್ಕಾರವಲ್ಲ, ಜಿಜ್ಞಾಸೆ. ತಾವಾಗಿಯೇ ಆ ಸಭೆಯ ಪ್ರಚಾರಕರಿಗೆ ಪತ್ರ ಬರೆದು ವಿಚಾರಿಸಿದರು. 1855ರ ಅಕ್ಟೋಬರ್‌ನಲ್ಲಿ ಎಲ್ಬೆ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ಮರುವರ್ಷವೇ ತಾಯ್ನಾಡು ಬಿಟ್ಟರು. ಬ್ರಿಟನ್ನಿನಲ್ಲಿ ಧರ್ಮಪ್ರಚಾರ ಮಾಡಿ, ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಕೆಲಕಾಲ ಕಳೆದು, 1860ರಲ್ಲಿ ಯೂಟಾದ ಸಾಲ್ಟ್ ಲೇಕ್ ನಗರ ಸೇರಿದರು. ಅಲ್ಲಿ ಶಾಲೆ ನಡೆಸುತ್ತ, ಸಭೆಯ ಅಧ್ಯಕ್ಷ ಬ್ರಿಗಮ್ ಯಂಗ್ ಅವರ ಮಕ್ಕಳಿಗೂ ಪಾಠ ಹೇಳಿದರು. ಮುಂದೆ ಸಭೆಯ ಕೆಲಸದ ಮೇಲೆ ಯೂರೋಪಿಗೆ ಮರಳಿ, 1869ರಲ್ಲಿ ‘ಡೆರ್ ಸ್ಟರ್ನ್’ ಎಂಬ ಜರ್ಮನ್ ಪತ್ರಿಕೆಯನ್ನು ಆರಂಭಿಸಿದರು.

ಅವರ ಬದುಕಿನ ನಿರ್ಣಾಯಕ ಘಟ್ಟ 1876. ಪ್ರೋವೋ ಊರಿನ ಬ್ರಿಗಮ್ ಯಂಗ್ ಅಕಾಡೆಮಿಯ ಹೊಣೆಯನ್ನು ಆ ವರ್ಷ ವಹಿಸಿಕೊಂಡರು. ಅಕ್ಷರಮಾಲೆ, ಮಗ್ಗಿಗಳನ್ನೂ ದೈವಪ್ರೇರಣೆಯಿಲ್ಲದೆ ಕಲಿಸಬಾರದೆಂಬುದು ಯಂಗ್ ಮೇಸರ್ ಅವರಿಗೆ ಕೊಟ್ಟ ಸೂಚನೆ. ಏಪ್ರಿಲ್‌ನಲ್ಲಿ ಪಾಠ ಶುರುವಾದಾಗ ಇದ್ದವರು 29 ವಿದ್ಯಾರ್ಥಿಗಳು. ಯಂಗ್ ಅವರ ಸೂಚನೆಯನ್ನು ಮೇಸರ್ ಪ್ರಾರ್ಥನೆಗಷ್ಟೇ ಸೀಮಿತಗೊಳಿಸಲಿಲ್ಲ. ಗುರು–ಶಿಷ್ಯರ ನಡುವಿನ ನಂಬಿಕೆಯಲ್ಲಿ ಅದಕ್ಕೆ ರೂಪ ಕೊಟ್ಟರು. ತನ್ನನ್ನು ಸೆರೆಮನೆಯಲ್ಲಿಟ್ಟರೆ ಹೇಗಾದರೂ ತಪ್ಪಿಸಿಕೊಂಡೇನು, ಆದರೆ ಮಾತು ಕೊಟ್ಟು ಸೀಮೆಸುಣ್ಣದ ಗೆರೆಯೊಳಗೆ ನಿಂತರೆ ಅದನ್ನು ದಾಟಲಾರೆ ಎಂಬರ್ಥದ ಅವರ ಮಾತು ಇಂದಿಗೂ ಪ್ರಸಿದ್ಧ. ಶಿಸ್ತಿನ ಬೇರು ಕಾವಲಿನಲ್ಲಿಲ್ಲ, ಕೊಟ್ಟ ಮಾತಿನಲ್ಲಿದೆ ಎಂಬ ಅವರ ಶಿಕ್ಷಣತತ್ತ್ವವೆಲ್ಲ ಆ ಗೆರೆಯಲ್ಲಿದೆ.

ಈ ನಿಷ್ಠೆಯನ್ನು ಕಾಲ ಪರೀಕ್ಷಿಸಿತು. 1884ರ ಜನವರಿಯಲ್ಲಿ ಅಕಾಡೆಮಿಯ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಶಾಲೆ ನಿಲ್ಲಲಿಲ್ಲ, ಊರಿನ ಬೇರೆ ಬೇರೆ ಕಟ್ಟಡಗಳಲ್ಲಿ ಪಾಠ ಮುಂದುವರಿದು, ಕೊನೆಗೆ ಒಂದು ಗೋದಾಮು ವರ್ಷಗಟ್ಟಲೆ ಶಾಲೆಯಾಯಿತು. ಅಕಾಡೆಮಿಯಲ್ಲಿ ತರಬೇತಿ ಪಡೆದವರು ಯೂಟಾದ ಊರೂರುಗಳಲ್ಲಿ ಶಿಕ್ಷಕರಾದರು. ವಿಜ್ಞಾನಿಯೂ ಧರ್ಮಶಾಸ್ತ್ರಜ್ಞರೂ ಆದ ಜೇಮ್ಸ್ ಟಾಲ್ಮೇಜ್, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಜಾರ್ಜ್ ಸದರ್ಲೆಂಡ್ ಇಬ್ಬರೂ ಮೇಸರ್ ಅವರ ಶಿಷ್ಯರು. ಸದರ್ಲೆಂಡ್ ಮಾರ್ಮನ್ ಸಭೆಯ ಸದಸ್ಯರಾಗಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ: ಗುರುವಿನ ಪ್ರಭಾವ ಮತದ ಗಡಿಯನ್ನು ಮೀರಿತ್ತು.

1888ರಲ್ಲಿ ಸಭೆಯ ಶಾಲೆಗಳೆಲ್ಲದರ ಮೇಲ್ವಿಚಾರಕರಾಗಿ ನೇಮಕಗೊಂಡಾಗ ಒಂದು ಶಾಲೆಯ ಅನುಭವ ಇಡೀ ವ್ಯವಸ್ಥೆಗೆ ಹರಿಯಿತು. 1892ರಲ್ಲಿ ಅಕಾಡೆಮಿ ಹೊಸ ಕಟ್ಟಡ ಪ್ರವೇಶಿಸಿದಾಗ ಅವರು ಪ್ರಾಂಶುಪಾಲ ಪದವಿಯನ್ನು ಬಿಟ್ಟುಕೊಟ್ಟರು. ಅವರ 1898ರ ‘ಸ್ಕೂಲ್ ಅಂಡ್ ಫೈರ್‌ಸೈಡ್’ ಗ್ರಂಥದ ಹೆಸರೇ ಶಾಲೆಯನ್ನೂ ಮನೆಯ ಒಲೆಯ ಬಳಿಯ ಕಲಿಕೆಯನ್ನೂ ಜೊತೆಗಿಡುತ್ತದೆ.

1901ರ ಫೆಬ್ರವರಿಯಲ್ಲಿ ಮೇಸರ್ ತೀರಿಕೊಂಡರು. ಎರಡೇ ವರ್ಷಗಳಲ್ಲಿ, 1903ರಲ್ಲಿ, ಅಕಾಡೆಮಿ ವಿಶ್ವವಿದ್ಯಾಲಯವೆಂಬ ಹೆಸರು ಪಡೆಯಿತು. ಆ ಹೆಸರಿಗೆ ಬೇಕಾದ ಅಡಿಪಾಯ ಗೋದಾಮಿನ ದಿನಗಳಲ್ಲೇ ಬಿದ್ದಿತ್ತು. ಮೇಸರ್ ಅವರನ್ನು ಧರ್ಮಸಭೆಯ ನಾಯಕರ ಸಾಲಿನಲ್ಲಷ್ಟೇ ಅಲ್ಲ, ಶಿಕ್ಷಕರನ್ನು ರೂಪಿಸಿದ ಶಿಕ್ಷಕರ ಸಾಲಿನಲ್ಲೂ ನಿಲ್ಲಿಸಬೇಕು.