ಕಿರ್ದಿ ಯಾರ ಕೈಯಲ್ಲಿ?

ಬೆಳಗಾವಿಯ ವಡಗಾವಿ ಪ್ರದೇಶದ ನೇಕಾರ ಓಣಿಗಳಲ್ಲಿ ಮನೆಯೇ ಕಾರಖಾನೆ. ಮುಂದಿನ ಪಡಸಾಲೆಯಲ್ಲಿ ಎರಡೋ ನಾಲ್ಕೋ ಮಗ್ಗ, ಹಿಂದೆ ಅಡಿಗೆಮನೆ. ಕಂಡಿಕೆ ಸುತ್ತುವ ಕೆಲಸ ಹೆಂಗಸರದು, ವಯಸ್ಸಾದವರದು. ಶಹಾಪುರ, ಖಾಸಬಾಗ, ವಡಗಾವಿಗಳ ಸೀರೆ ನಾಡಿನ ಗಡಿ ದಾಟಿ ಹೆಸರು ಮಾಡಿದ್ದರೂ ಅದನ್ನು ನೇಯುವ ಮನೆ ಚಿಕ್ಕದಾಗಿಯೇ ಉಳಿಯಿತು. ಇಂಥ ಮನೆಗೆ ನೂಲು ಕೊಡುವವರು ಬೇಕು, ಸೀರೆ ಒಯ್ಯುವವರು ಬೇಕು, ಅಡಚಣೆಗೆ ರೊಕ್ಕ ಕೊಡುವವರೂ ಬೇಕು. ಬಹಳ ಸಲ ಈ ಮೂವರೂ ಒಬ್ಬನೇ: ಸಾವುಕಾರ. ಆತ ನೂಲು ತೂಗಿ ಕೊಡುತ್ತಾನೆ, ಸೀರೆ ಎಣಿಸಿ ಒಯ್ಯುತ್ತಾನೆ, ಮಜೂರಿಯನ್ನು ಖಾತೆಗೆ ಜಮಾ ಮಾಡುತ್ತಾನೆ. ತಲೆಮಾರುಗಳ ಕಾಲ ನಡೆದ ಈ ಸಂಬಂಧವನ್ನು ನಂಬಿಕೆಯ ಫಲ ಎಂದು ಹೊಗಳುವವರಿದ್ದಾರೆ, ಸಾಲದ ಸಂಕೋಲೆ ಎಂದು ಹಳಿಯುವವರೂ ಇದ್ದಾರೆ. ನನ್ನ ಮಟ್ಟಿಗೆ ನಂಬಿಕೆ, ಸಂಕೋಲೆ ಎರಡೂ ಇದ್ದದ್ದು ಒಂದೇ ಪುಸ್ತಕದಲ್ಲಿ, ಸಾವುಕಾರ ಲೆಕ್ಕ ಬರೆಯುವ ಕಿರ್ದಿಯಲ್ಲಿ. ಆ ಪುಸ್ತಕ ಯಾರ ಕೈಯಲ್ಲಿತ್ತು, ಎಷ್ಟು ಜನರ ಕಣ್ಣಿಗೆ ಬೀಳುತ್ತಿತ್ತು ಎನ್ನುವುದರ ಮೇಲೆ ಸಂಬಂಧದ ಗುಣ ನಿರ್ಧಾರವಾಗುತ್ತಿತ್ತು.

ಈ ಪ್ರದೇಶದಲ್ಲಿ ವ್ಯಾಪಾರದ ಮಾತನ್ನು ಎಲ್ಲರ ಕಣ್ಣೆದುರು ಬರೆದಿಡುವ ರೂಢಿ ಹಳೆಯದು. ಬೆಳಗಾವಿ ವೇಣುಗ್ರಾಮವೆಂದು ಹೆಸರಾಗಿ ರಟ್ಟರ ರಾಜಧಾನಿಯಾಗಿದ್ದಾಗ, ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ ಹಾಕಿಸಿದ ಕನ್ನಡ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವು ಹೇಳುವಂತೆ, ಅರಸನ ಅಧಿಕಾರಿ ಬೀಚಣ ಕಟ್ಟಿಸಿದ ರಟ್ಟಜಿನಾಲಯಕ್ಕೆ ಸಂದ ದಾನಗಳಲ್ಲಿ ವರ್ತಕರ ಪಾಲೂ ಇದೆ: ಸ್ಥಳೀಯ ಮುಮ್ಮುರಿದಂಡರೆಂಬ ವರ್ತಕ ಸಂಘದವರ ಜತೆಗೆ ಲಾಳ (ಗುಜರಾತಿನ ಕಡೆಯ) ದೇಶದ, ಮಲೆಯಾಳದ ವ್ಯಾಪಾರಿಗಳೂ ಸೇರಿ ತಮ್ಮ ಸರಕಿನ ಮೇಲೆ ಇಂತಿಷ್ಟು ಎಂದು ಒಪ್ಪಿಕೊಂಡರು. ಇದು ಧರ್ಮದ ದಾನ, ವ್ಯವಹಾರದ ಕರಾರಲ್ಲ ಎನ್ನಬಹುದು. ಸರಿಯೇ. ಆದರೆ ಬೇರೆ ಬೇರೆ ನಾಡಿನ, ಬೇರೆ ಬೇರೆ ನುಡಿಯ ವರ್ತಕರು ಒಂದು ಪೇಟೆಯಲ್ಲಿ ತಮ್ಮ ಮಾತನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದರೆ, ನಾಳೆ ಅದನ್ನು ತಪ್ಪಿದವರ ಹೆಸರು ಆ ಪೇಟೆಯಲ್ಲಿ ಉಳಿಯುತ್ತದೆಯೇ? ಆ ಕಲ್ಲು ಯಾರೊಬ್ಬರ ಪೆಟ್ಟಿಗೆಯಲ್ಲೂ ಇರಲಿಲ್ಲ.

ಕಿರ್ದಿ, ಖತಾವಣಿಗಳ ಕಾಲಕ್ಕೆ ಬರೆಹ ಪೆಟ್ಟಿಗೆ ಸೇರಿತು. ಉದ್ರಿ ವ್ಯವಹಾರದಲ್ಲಿ ಲೆಕ್ಕ ಪೂರ್ತಿ ಚುಕ್ತಾ ಆಗುವುದು ಅಪರೂಪ. ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆ ಪೂಜೆಯಾದರೂ ಹಳೆಯ ಬಾಕಿ ಅದರ ಮೊದಲ ಪುಟಕ್ಕೇ ಇಳಿದು ಬರುತ್ತದೆ. ಈ ಬಾಕಿಯೇ ನಂಟು ಉಳಿಸುತ್ತಿತ್ತು: ಕೊಡಬೇಕಾದವನು ಮಗ್ಗ ಬಿಟ್ಟು ಹೋಗಲಾರ, ಬರಬೇಕಾದವನು ನೂಲು ನಿಲ್ಲಿಸಲಾರ. ಅದರ ಮೇಲೆ 1948ರವರೆಗೆ ಶಹಾಪುರ ಸಾಂಗಲಿ ಸಂಸ್ಥಾನದ್ದು, ಪಕ್ಕದ ಬೆಳಗಾವಿ 1947ರವರೆಗೆ ಬ್ರಿಟಿಷರದು. ಒಂದೇ ಊರಿನಂತೆ ಬೆರೆತ ಪೇಟೆಗಳ ನಡುವೆ ಎರಡು ಆಡಳಿತ ಇದ್ದಾಗ ಸಣ್ಣ ಮೊತ್ತಕ್ಕೆ ಕೋರ್ಟು ಹತ್ತುವುದಕ್ಕಿಂತ ಬಾಯಿಮಾತು, ಹಿರಿಯರ ಪಂಚಾಯಿತಿ ಹಗುರವೆನಿಸಿದ್ದು ಸಹಜ.

ಇಲ್ಲೇ ಗಟ್ಟಿಯಾದ ಆಕ್ಷೇಪ ಏಳುತ್ತದೆ. ಬಾಕಿ ನಂಟನ್ನು ಉಳಿಸಿತು ಎನ್ನುವುದು ಜೀತವನ್ನು ಚಂದದ ಹೆಸರಿನಿಂದ ಕರೆದಂತಲ್ಲವೇ? ಮುಂಗಡ ತೀರಿಸಲಾಗದ ನೇಕಾರ ಬೇರೆ ಸಾವುಕಾರನಲ್ಲಿ ಹೆಚ್ಚು ಮಜೂರಿ ಇದ್ದರೂ ಹೋಗಲಾರ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇದಕ್ಕೆ ಮದ್ದು ಏನೆಂಬುದನ್ನು ನೆರೆಯ ಪುಣೆ, ಅಹಮದನಗರದ ರೈತರು ತೋರಿಸಿಕೊಟ್ಟಿದ್ದರು. 1875ರ ದಂಗೆಯಲ್ಲಿ ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಅದರ ಫಲವಾಗಿ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆ ಸಾಲವನ್ನು ನಿಷೇಧಿಸಲಿಲ್ಲ. ಕೊಟ್ಟ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪ್ರತಿ, ಕೇಳಿದರೆ ಪಾಸ್‌ಬುಕ್ಕು ಪಡೆಯುವ ಹಕ್ಕನ್ನು ರೈತನಿಗೆ ಕೊಟ್ಟಿತು. ಅಂದರೆ ಪುಸ್ತಕದ ಇನ್ನೊಂದು ಪ್ರತಿ. ಆ ಕಾಯಿದೆ ಹುಟ್ಟಿದ್ದು ಉಳುವವನಿಗಾಗಿ. ನೇಯುವವನ ಹೆಸರು ಅದರಲ್ಲಿರಲಿಲ್ಲ. ಈ ಮರೆವು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಆ ಪ್ರತಿ ನೇಕಾರನಿಗೆ ಸಿಕ್ಕಿದ್ದು ಸಹಕಾರದಿಂದ. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯ ಬೆನ್ನಿಗೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಮುಂದೆ ನೇಕಾರರ ಸಂಘಗಳೂ ಎದ್ದವು. ಪತ್ತಿನ ಸಂಘ ಎನ್ನುವಾಗಿನ ‘ಪತ್ತು’ ಎಷ್ಟು ಅರ್ಥಪೂರ್ಣ ಮಾತು! ಸಾಲವೂ ಅದೇ, ಸಾಲ ಹುಟ್ಟಿಸುವ ಮರ್ಯಾದೆಯೂ ಅದೇ. ಸಂಘದ ಪುಸ್ತಕವನ್ನು ಸದಸ್ಯ ಕೇಳಿ ನೋಡಬಹುದಿತ್ತು. ಆದರೆ ಸೀರೆಗೆ ಗಿರಾಕಿ ಹುಡುಕುವಲ್ಲಿ ಸಾವುಕಾರನ ಪೇಟೆ ಸಂಪರ್ಕಕ್ಕೆ ಸಾಟಿಯಾಗುವುದು ಸಂಘಕ್ಕೆ ಕಷ್ಟವಾಯಿತು.

ಈಗ ಕಾನೂನೇ ಇದೆಯಲ್ಲ ಎನ್ನುವವರಿಗೂ ಉತ್ತರ ಕೊಡಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. 2023ರ ಆದಾಯ ತೆರಿಗೆ ತಿದ್ದುಪಡಿ ಅದಕ್ಕೆ ಬಿಗಿ ಹಾಕಿತು. ಒಳ್ಳೆಯ ಕಾನೂನು. ಆದರೆ ದೂರು ಕೊಟ್ಟ ಮರುದಿನ ಒಬ್ಬನೇ ಗಿರಾಕಿಯ ಬಾಗಿಲು ಮುಚ್ಚಿದರೆ ನಾಲ್ಕು ಮಗ್ಗದ ಮನೆ ಏನು ಮಾಡಬೇಕು? ಅಲ್ಲದೆ ಬೇರೊಬ್ಬರ ನೂಲಿಗೆ ಮಜೂರಿ ಪಡೆಯುವವನ ಬಳಿ ತನ್ನ ಹೆಸರಿನ ಬಿಲ್ಲೇ ಇಲ್ಲದಿದ್ದರೆ 45 ದಿನ ಎಲ್ಲಿಂದ ಎಣಿಸುವುದು? 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದದ್ದು ಲಗ್ನದ ಹಂಗಾಮಿನ ಬಾಗಿಲಲ್ಲಿ. ಮಗ್ಗದಿಂದಿಳಿದ ಸೀರೆ ಒಯ್ಯುವವರಿಲ್ಲದೆ ನಿಂತಾಗ, ನಿಂತ ಮಾಲು ಯಾರದು, ನಷ್ಟ ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆಗೆ ಉತ್ತರ ಮತ್ತೆ ಆ ಒಂದೇ ಪುಸ್ತಕದಲ್ಲಿತ್ತು. ನೂಲಿನ ತೂಕವನ್ನೂ ಸೀರೆಯ ಎಣಿಕೆಯನ್ನೂ ಅಲ್ಲಿ ಬರೆದವನು ಸಾವುಕಾರನೇ.